ತೊಟ್ಟಿಮನೆಯ ಅಟ್ಟಕ್ಕೆ ಪುಸ್ತಕ ಏರಿಸಬಹುದೇ?

ಪ್ರಶ್ನೆ: ಪಾಂಡವಪುರದ ಬಳಿಯ ನಮ್ಮೂರಿನಲ್ಲಿ ಮುತ್ತಜ್ಜ ಕಟ್ಟಿಸಿದ ಮಣ್ಣುಗೋಡೆಯ ತೊಟ್ಟಿಮನೆ ಖಾಲಿ ಬಿದ್ದಿದೆ. ಅದನ್ನು ಕೆಡವದೆ ಸಾರ್ವಜನಿಕ ಗ್ರಂಥಾಲಯವಾಗಿಸಬೇಕೆಂಬುದು ನನ್ನ ಮತ್ತು ನನ್ನ ತಮ್ಮನ ಆಸೆ. ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಿ, ಪುಸ್ತಕಗಳನ್ನು ಅಟ್ಟದಲ್ಲಿಟ್ಟು, ಕೆಳಗೆ ಓದಲು ಜಾಗ ಬಿಡಿ ಎಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಆಸೆಯನ್ನು ಉಳಿಸಿಕೊಳ್ಳಿ, ಮೇಸ್ತ್ರಿಯವರ ಎರಡೂ ಸಲಹೆಗಳನ್ನು ಬಿಡಿ.

ಪುಸ್ತಕದ ಭಾರವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜಿಸುತ್ತೇವೆ. ಭಾರತೀಯ ಮಾನಕದಂತೆ ವಾಸದ ಕೋಣೆಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕಿದರೆ, ಪುಸ್ತಕದ ಕಪಾಟುಗಳ ಕೋಣೆಯನ್ನು ಕನಿಷ್ಠ 600 ಕಿಲೋಗೆ ಲೆಕ್ಕ ಹಾಕಬೇಕು. ಸುಗ್ಗಿಗೆ ತುಂಬಿ ಮಳೆಗಾಲದ ಹೊತ್ತಿಗೆ ಬರಿದಾಗುತ್ತಿದ್ದ ಅಟ್ಟದ ತೊಲೆ-ಜಂತೆಗಳು ವರ್ಷವಿಡೀ ಈ ಹೊರೆಯನ್ನು ಹೊರಲಾರವು. ಆದ್ದರಿಂದ ಕಪಾಟುಗಳು ನೆಲದ ಮೇಲೆಯೇ, ಗೋಡೆಯಿಂದ ಅರ್ಧ ಅಡಿ ದೂರದಲ್ಲಿ, ತೊಟ್ಟಿಯ ಎರಚಲು ತಲುಪದ ಒಳಕೋಣೆಗಳಲ್ಲಿರಲಿ; ಬೆಳಕು ಬೀಳುವ ಪಡಸಾಲೆ ಓದುವವರಿಗಿರಲಿ. ಆದರೆ ಅದಕ್ಕೂ ಮೊದಲು, ರಾಗಿ ತುಂಬಿಡುತ್ತಿದ್ದ ಹಗೇವು, ಅಂದರೆ ನೆಲದಡಿಯ ಗುಂಡಿ, ಎಲ್ಲಿತ್ತೆಂದು ಮನೆಯ ಹಿರಿಯರನ್ನು ಕೇಳಿ. ಸರಿಯಾಗಿ ಮುಚ್ಚದ ಹಗೇವಿನ ಮೇಲೆ ಕಪಾಟು ನಿಲ್ಲಿಸಿದರೆ ನೆಲ ಕುಸಿದೀತು.

ಮಣ್ಣುಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ಉಳಿದು, ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಗೆದ್ದಲಿಗೂ ಬೂಷ್ಟಿಗೂ ಅದು ಹಬ್ಬ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಿಮ್ಮ ಮನೆಯಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಸುಣ್ಣದ ಗಾರೆ ತಿಳಿದ ಕೆಲಸಗಾರರನ್ನು ಹುಡುಕಿ, ಎಲ್ಲಕ್ಕಿಂತ ಮೊದಲು ಹೆಂಚಿನ ಸೋರಿಕೆಯನ್ನು ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ತಮ್ಮನ ಮಾತಿದೆ, ಅಕ್ಕತಂಗಿಯರ ಮಾತಿಲ್ಲ. ಇದು ಪಿತ್ರಾರ್ಜಿತ ಆಸ್ತಿಯಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿರುವುದರಿಂದ ಅವರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ. ಮನೆಯನ್ನು ದಾನ ಕೊಡುವುದಾದರೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ದಾನಪತ್ರ ನೋಂದಣಿಯಾಗಲೇಬೇಕು.

ಹೊಸ ಗ್ರಂಥಾಲಯವನ್ನೇ ಹುಟ್ಟುಹಾಕುವ ಹಟ ಬೇಡವೆಂಬುದು ನನ್ನ ಅಭಿಪ್ರಾಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಯಲ್ಲಿವೆ. ನಿಮ್ಮ ಪಂಚಾಯಿತಿಯ ಗ್ರಂಥಾಲಯ ಇಕ್ಕಟ್ಟಾದ ಕೋಣೆಯಲ್ಲಿದ್ದರೆ, ಅದನ್ನೇ ಈ ಮನೆಗೆ ತರುವ ಬಗ್ಗೆ ಪಿಡಿಒ ಅವರೊಂದಿಗೆ ಮಾತನಾಡಿ. ಪುಸ್ತಕಗಳ ಜೊತೆಗೆ ದಿನವೂ ಬಾಗಿಲು ತೆರೆಯುವ ಮೇಲ್ವಿಚಾರಕರೂ ಬರುತ್ತಾರೆ.