ಓದುಗರ ಪ್ರಶ್ನೆ: ಸಾಗರ ಎಂದರೆ ಕೃಷ್ಣರಾಜಸಾಗರ ಬರುತ್ತಿದೆ!

ಪ್ರಶ್ನೆ: ದಿನವೂ ಬೆಳಗ್ಗೆ ಆರಕ್ಕೆ ನಾಲ್ಕೈದು ಜಾಲತಾಣಗಳ ಹೊಸ ಬರಹಗಳ ಪಟ್ಟಿಗಳಾದ ಆರ್‌ಎಸ್‌ಎಸ್ ಫೀಡ್‌ಗಳನ್ನು ತರಿಸಿಕೊಂಡು, ಅಡಿಕೆ ಧಾರಣೆ ಮತ್ತು ನಮ್ಮೂರಿನ ಸುದ್ದಿಯನ್ನು ಮಾತ್ರ ಪಟ್ಟಿ ಮಾಡಿ ತೋರಿಸುವಂತೆ ನನ್ನ ಆಂಡ್ರಾಯ್ಡ್ ಫೋನಿನಲ್ಲಿರುವ, ಕೆಲಸಗಳನ್ನು ತಾನಾಗಿಯೇ ಮಾಡುವ ಆ್ಯಪ್ ಆದ ಟಾಸ್ಕರ್‌ನಲ್ಲಿ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಆದರೆ ಒಂದು ಶೀರ್ಷಿಕೆ ಒತ್ತಿದರೆ ಬೇರೆಯದೇ ಸುದ್ದಿ ತೆರೆಯುತ್ತದೆ. ನಿನ್ನೆ ಓದಿದ್ದೇ ಇಂದು ಮತ್ತೆ ಬರುತ್ತದೆ. ‘ಸಾಗರ’ ಎಂದು ಹುಡುಕಿಸಿದರೆ ಕೃಷ್ಣರಾಜಸಾಗರದ ನೀರಿನ ಮಟ್ಟವೂ ಬರುತ್ತದೆ. ತಪ್ಪೆಲ್ಲಿದೆ?
— ಅಡಿಕೆ ಬೆಳೆಗಾರರೊಬ್ಬರು, ಸಾಗರ

ಉತ್ತರ: ಮೊದಲನೆಯ ತೊಂದರೆ ಸುಲಭದ್ದು. ಫೀಡ್‌ನಲ್ಲಿ ‘ಟೈಟಲ್’ ಎಂಬ ಗುರುತು ಸುದ್ದಿಗಳಿಗೆ ಮಾತ್ರವಲ್ಲ, ತಾಣದ ಹೆಸರಿಗೂ, ಕೆಲವೊಮ್ಮೆ ಅದರ ಲಾಂಛನದ ಚಿತ್ರಕ್ಕೂ ಇರುತ್ತದೆ. ನೀವು ಎಲ್ಲ ಟೈಟಲ್‌ಗಳನ್ನು ಒಂದು ಸಾಲಾಗಿಯೂ ಎಲ್ಲ ಲಿಂಕ್‌ಗಳನ್ನು ಇನ್ನೊಂದು ಸಾಲಾಗಿಯೂ ತೆಗೆದುಕೊಂಡಿರಬೇಕು. ಎರಡರ ಎಣಿಕೆ ಒಂದೇ ಒಂದು ತಪ್ಪಿದರೂ ಅಲ್ಲಿಂದಾಚೆಗೆ ಒಬ್ಬರ ತಲೆಗೆ ಇನ್ನೊಬ್ಬರ ಪೇಟ ಬೀಳುತ್ತದೆ. ಮೊದಲು ಒಂದು ಸುದ್ದಿಯ ವಿವರವೆಲ್ಲ ಇರುವ ‘ಐಟಂ’ ಎಂಬ ಭಾಗವೊಂದನ್ನು ಪೂರ್ತಿಯಾಗಿ ಎತ್ತಿಕೊಂಡು, ಅದರೊಳಗಿನ ಟೈಟಲ್ ಮತ್ತು ಲಿಂಕ್‌ಗಳನ್ನು ಓದಿಸಿ, ಬಳಿಕ ಮುಂದಿನ ಐಟಂಗೆ ಹೋಗುವಂತೆ ಬದಲಿಸಿಕೊಳ್ಳಿ.

ಎರಡನೆಯದಕ್ಕೆ ಫೋನಿಗೆ ನೆನಪು ಕೊಡಬೇಕು. ಫೀಡ್ ಎಂಬುದು ತಾಣದ ಇತ್ತೀಚಿನ ಕೆಲವು ಬರಹಗಳ ಪಟ್ಟಿಯಷ್ಟೇ. ನೀವು ಯಾವುದನ್ನು ಓದಿದ್ದೀರಿ ಎಂಬುದು ಅದಕ್ಕೆ ತಿಳಿಯದು. ಪ್ರತಿ ಐಟಂನಲ್ಲಿಯೂ ಸಾಮಾನ್ಯವಾಗಿ ‘ಜಿಯುಐಡಿ’ ಎಂಬ ಬದಲಾಗದ ಗುರುತು ಇರುತ್ತದೆ (ಆಟಂ ಎಂಬ ಇನ್ನೊಂದು ಮಾದರಿಯ ಫೀಡ್‌ಗಳಲ್ಲಿ ಅದರ ಹೆಸರು ‘ಐಡಿ’). ತೋರಿಸಿದ ಪ್ರತಿ ಸುದ್ದಿಯ ಗುರುತನ್ನು ಒಂದು ಕಡತಕ್ಕೆ ಬರೆಸಿ, ಮರುದಿನ ಆ ಕಡತದಲ್ಲಿ ಇರುವುದನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿ. ಕೊನೆಯ ಇನ್ನೂರು ಸಾಲುಗಳನ್ನು ಉಳಿಸಿಕೊಂಡರೆ ನಾಲ್ಕೈದು ತಾಣಗಳಿಗೆ ಧಾರಾಳವಾಯಿತು. ಶೀರ್ಷಿಕೆಯನ್ನೇ ಹೋಲಿಸಿ ನೋಡುವ ಯೋಚನೆ ಬೇಡ, ಏಕೆಂದರೆ ಸುದ್ದಿ ತಾಣಗಳು ಬೆಳಗ್ಗೆ ಕೊಟ್ಟ ತಲೆಬರಹವನ್ನು ಮಧ್ಯಾಹ್ನ ತಿದ್ದುವುದುಂಟು. ದಿನಾಂಕವೂ ನಂಬಲರ್ಹವಲ್ಲ: ಅನೇಕ ಫೀಡ್‌ಗಳು ಗ್ರೀನಿಚ್ ಸಮಯ ನಮೂದಿಸುವುದರಿಂದ, ನಮ್ಮಲ್ಲಿ ನಸುಕಿನ ನಾಲ್ಕಕ್ಕೆ ಪ್ರಕಟವಾದ ಸುದ್ದಿ ಅವುಗಳ ಲೆಕ್ಕದಲ್ಲಿ ನಿನ್ನೆಯದಾಗಿರುತ್ತದೆ.

ಮೂರನೆಯದು ಯಂತ್ರದ ತಪ್ಪಲ್ಲ, ಕನ್ನಡದ ಸಂಪತ್ತು. ‘ಸಾಗರ’ದ ಮೊದಲಕ್ಷರಕ್ಕೂ ಮುಂಚೆ ಒಂದು ಖಾಲಿ ಜಾಗ ಸೇರಿಸಿ ಹುಡುಕಿಸಿ; ತಲೆಬರಹವೇ ನಿಮ್ಮೂರಿನಿಂದ ಆರಂಭವಾದರೆ ತಪ್ಪಿಹೋಗದಂತೆ, ಹುಡುಕುವ ಮೊದಲು ಪ್ರತಿ ಶೀರ್ಷಿಕೆಯ ಆರಂಭದಲ್ಲೂ ಒಂದು ಖಾಲಿ ಜಾಗ ಅಂಟಿಸಿ. ಆಗ ಕೃಷ್ಣರಾಜಸಾಗರವೂ ಮಹಾಸಾಗರವೂ ಹೊರಗುಳಿದು, ‘ಸಾಗರದಲ್ಲಿ’, ‘ಸಾಗರಕ್ಕೆ’ ಎಂಬ ರೂಪಗಳು ಒಳಗೆ ಬರುತ್ತವೆ. ಸಾಗರಮಾಲಾ ಯೋಜನೆ ಆಗೊಮ್ಮೆ ಈಗೊಮ್ಮೆ ನುಸುಳೀತು, ಸಹಿಸಿಕೊಳ್ಳಿ. ಧಾರಣೆಗೆ ‘ಅಡಿಕೆ’ ಮಾತ್ರ ಸಾಲದು, ‘ಅಡಕೆ’ ಎಂದೇ ಬರೆಯುವವರೂ ಇದ್ದಾರೆ; ಎರಡನ್ನೂ ಕೊಡಿ. ಮಂಗಳೂರು ಪೇಟೆಯ ಸುದ್ದಿ ಬೇಕಿದ್ದರೆ ಕೊನೆಯ ಉಕಾರ ಬಿಟ್ಟು ‘ಮಂಗಳೂರ’ ಎಂದಷ್ಟೇ ಬರೆಯಿರಿ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕೊಂಬು, ಗುಡಿಸುಗಳು ಪ್ರತ್ಯೇಕ ಸಂಕೇತಗಳಾದ್ದರಿಂದ ‘ಮಂಗಳೂರು’, ‘ಮಂಗಳೂರಿನಲ್ಲಿ’ ಎರಡೂ ಸಿಕ್ಕುತ್ತವೆ.

ಆರು ಗಂಟೆಗೆ ಪಟ್ಟಿಯೇ ಬಾರದ ದಿನಗಳಿದ್ದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಸ್ಕರ್‌ಗೆ ಬ್ಯಾಟರಿ ಉಳಿತಾಯದ ನಿರ್ಬಂಧದಿಂದ ವಿನಾಯಿತಿ ಕೊಡಿ.

ಪ್ರಶ್ನೆ: ನಾನು ಓದುವ ಬ್ಲಾಗಿನಲ್ಲಿ ಫೀಡ್‌ನ ಗುರುತೇ ಕಾಣುವುದಿಲ್ಲ. ಏನು ಮಾಡಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಾಣದಿದ್ದರೂ ಇರುವ ಸಂಭವ ಹೆಚ್ಚು. ವರ್ಡ್‌ಪ್ರೆಸ್ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಸೇರಿಸಿ ನೋಡಿ. ಬ್ಲಾಗರ್ ಆದರೆ ‘ಫೀಡ್ಸ್’, ‘ಪೋಸ್ಟ್ಸ್’, ‘ಡೀಫಾಲ್ಟ್’ ಎಂಬ ಮೂರು ಪದಗಳನ್ನು ಅದೇ ರೀತಿ ಓರೆಗೆರೆಗಳಿಂದ ಜೋಡಿಸಿ. ಎರಡೂ ಫಲಿಸದಿದ್ದರೆ ಪುಟದಿಂದಲೇ ಶೀರ್ಷಿಕೆಗಳನ್ನು ಕತ್ತರಿಸಿ ತೆಗೆಯಬಹುದಾದರೂ ನಾನದನ್ನು ಸೂಚಿಸಲಾರೆ: ಅವರು ಪುಟದ ವಿನ್ಯಾಸ ಬದಲಿಸಿದ ದಿನ ನಿಮ್ಮ ಕೆಲಸವೆಲ್ಲ ಮೊದಲಿನಿಂದ ಆರಂಭವಾಗುತ್ತದೆ. ಅದಕ್ಕಿಂತ, ಫೀಡ್ ತೆರೆದಿಡುವಂತೆ ಬ್ಲಾಗಿನವರಿಗೆ ಒಂದು ಪತ್ರ ಬರೆಯಿರಿ.