ಕೆಲಸ ಕೊಡುವವರಿಗೆ ರಸ್ತೆ ಗುತ್ತಿಗೆ: ಷರತ್ತು ಎಲ್ಲಿ ಬರೆಯಬೇಕು?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರ: ‘ರಸ್ತೆ ಕಾಮಗಾರಿಗಳು ಹೊರಗಿನ ದೊಡ್ಡ ಗುತ್ತಿಗೆದಾರರ ಪಾಲಾಗುತ್ತಿವೆ. ಯಂತ್ರ, ಆಳು ಎಲ್ಲ ಅವರ ಜೊತೆಗೇ ಬರುತ್ತವೆ. ಹೆಚ್ಚು ಜನರಿಗೆ ಕೆಲಸ ಕೊಡುವವರಿಗೇ ಟೆಂಡರ್ ಎಂದು ಸರ್ಕಾರ ಯಾಕೆ ನಿಯಮ ಮಾಡಬಾರದು?’

ನಿಮ್ಮ ಬೇಡಿಕೆ ನ್ಯಾಯವಾದದ್ದು. ಆದರೆ ಡಾಂಬರು ಕಾಮಗಾರಿಗೆ ಈ ಷರತ್ತು ಹಾಕಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಮಳೆಗಾಲದ ನಿರ್ವಹಣೆಗೆ ಹಾಕಿದರೆ ಕೂಲಿ ನಿಜವಾಗಿ ಕೈಗೆ ಬರುತ್ತದೆ.

ಮೊದಲು ಕಾನೂನು ನೋಡೋಣ. ನಮ್ಮಲ್ಲಿ ಸರ್ಕಾರಿ ಟೆಂಡರು ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ, ಅಂದರೆ ಕೆಟಿಪಿಪಿ. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ವಹಿವಾಟು, ಅನುಭವ, ಯಂತ್ರಗಳ ಪರಿಶೀಲನೆ. ಅದರಲ್ಲಿ ಪಾಸಾದವರ ಪೈಕಿ ಕಡಿಮೆ ದರದವರಿಗೆ ಗುತ್ತಿಗೆ. ಎಷ್ಟು ಜನರಿಗೆ ಕೆಲಸ ಕೊಡುತ್ತೀರಿ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ದಾಖಲೆಯಲ್ಲಿ ಮೊದಲೇ ಬರೆಯದ ಅಂಶವನ್ನು ದರ ತೆರೆದ ಮೇಲೆ ತೂಗಿದರೆ, ಸೋತವರು 16ನೇ ಕಲಮಿನಡಿ ಮೇಲ್ಮನವಿ ಹಾಕುತ್ತಾರೆ, ಆ ವರ್ಷದ ಕೆಲಸದ ಕಾಲ ಅಲ್ಲಿಗೆ ಮುಗಿಯಿತು. ‘ಕೊಡಗಿನವರೇ ಆಗಬೇಕು’ ಎಂದು ಬರೆಯುವುದೂ ಅಪಾಯ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಶೇ 75 ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತು. ತಲೆಮಾರುಗಳಿಂದ ಲೈನ್‌ಮನೆಗಳಲ್ಲಿ, ಅಂದರೆ ಕಾಫಿ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವವರನ್ನು ಹುಟ್ಟೂರು ಕೇಳಿ ಹೊರಗಿಡುವುದು ನ್ಯಾಯವೂ ಅಲ್ಲ.

ಉದ್ಯೋಗಕ್ಕೂ ಅಂಕ ಕೊಡುವ ದಾರಿ ಹೊರದೇಶದಲ್ಲಿದೆ. ದಕ್ಷಿಣ ಆಫ್ರಿಕದಲ್ಲಿ ದರಕ್ಕೆ 80, ಸಾಮಾಜಿಕ ಗುರಿಗಳಿಗೆ 20 ಅಂಕ ಎಂಬ ಪದ್ಧತಿಯಿದೆ. ಕನಿಷ್ಠ ದರ 1 ಕೋಟಿ, ಇನ್ನೊಬ್ಬರದು 1.04 ಕೋಟಿ ಎಂದುಕೊಳ್ಳಿ. ಎರಡನೆಯವರು ದರದಲ್ಲಿ ಕಳೆದುಕೊಳ್ಳುವುದು 3.2 ಅಂಕ ಮಾತ್ರ. ಉದ್ಯೋಗದಲ್ಲಿ 4 ಅಂಕ ಹೆಚ್ಚು ಪಡೆದರೆ ಗುತ್ತಿಗೆ ಅವರದೇ. ಹಾಗಾದರೆ ಕೆಲಸ ಕೊಡುತ್ತೇನೆಂಬ ಅವರ ಭರವಸೆಗೆ ನಾವು ಕೊಟ್ಟ ಬೆಲೆ 4 ಲಕ್ಷ. ಅಷ್ಟು ಕೂಲಿ ಜನರಿಗೆ ತಲುಪಿತೇ ಎಂದು ಅಳೆಯಲು ಬಾರದಿದ್ದರೆ ಅಂಕ ಕೊಡಲೇಬಾರದು.

ಕೊಡಗಿನಲ್ಲಿ ಅಳತೆ ಕೆಡುವುದು ಕಾಲದಿಂದ. ಡಾಂಬರು ಹಾಕಲು ಮಳೆ ನಿಂತ ಮೇಲಿನ ತಿಂಗಳುಗಳೇ ಬೇಕು. ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ ಕೊಯ್ಲು ನಡೆಯುವುದೂ ಆಗಲೇ. ತೋಟಕ್ಕೇ ಆಳು ಸಿಗದ ಹೊತ್ತಿನಲ್ಲಿ ರಸ್ತೆಗೆ ಎಲ್ಲಿಂದ ತರುವುದು? ಹಾಜರಿ ಪುಸ್ತಕದಲ್ಲಿ ಲೈನ್‌ಮನೆಯವರ ಹೆಸರು, ರಸ್ತೆಯ ಮೇಲೆ ಬೇರೆಯವರು! ಸಾಲದ್ದಕ್ಕೆ ಡಾಂಬರು ಯಂತ್ರದ ಕೆಲಸ. ಮಿಶ್ರಣ ಆರುವ ಮೊದಲು ಪೇವರ್ ಹಾಸಬೇಕು, ರೋಲರ್ ಓಡಬೇಕು. ಅಲ್ಲಿ ಆಳು ಹೆಚ್ಚಿಸಿದರೆ ರಸ್ತೆ ಕೆಡುತ್ತದೆ.

ಜನರ ಕೈ ಬೇಕಾದ ಕೆಲಸ ಬೇರೆಯೇ ಇದೆ: ಚರಂಡಿ ಬಿಡಿಸುವುದು, ಮೋರಿಯ ಬಾಯಿಗೆ ಸಿಕ್ಕ ಸೊಪ್ಪುಸದೆ ತೆಗೆಯುವುದು, ರಸ್ತೆ ಬದಿಯ ಕಾಡು ಕಡಿಯುವುದು, ತಂತಿ ಬುಟ್ಟಿಗೆ ಕಲ್ಲು ಜೋಡಿಸಿ ತಡೆಗೋಡೆ ಕಟ್ಟುವುದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿದದ್ದನ್ನು ಯಾರೂ ಮರೆತಿಲ್ಲ. ಅಂಥ ಕುಸಿತವನ್ನೆಲ್ಲ ಚರಂಡಿ ತಡೆಯಲಾರದು. ಆದರೆ ನೀರು ಚರಂಡಿ ಬಿಟ್ಟು ಬರೆಗೆ ನುಗ್ಗಿದರೆ ಮಣ್ಣು ಸಡಿಲವಾಗುವುದು ಖಂಡಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಯ್ಲಿನ ಕೂಲಿಯೂ ಇರುವುದಿಲ್ಲ. ನಿಮ್ಮ ಷರತ್ತಿಗೆ ಇದೇ ತಕ್ಕ ಜಾಗ.

ಷರತ್ತು ಬರೆಯುವಾಗ ತಲೆ ಎಣಿಸಬೇಡಿ, ಆಳು-ದಿನ ಎಣಿಸಿ. ಒಬ್ಬರು ಒಂದು ದಿನ ದುಡಿದರೆ ಒಂದು ಆಳು-ದಿನ. ನೂರು ಜನ 7 ದಿನ ದುಡಿದರೆ 700. ಹತ್ತೇ ಜನ 120 ದಿನ ದುಡಿದರೆ 1,200. ಕೂಲಿ ಬ್ಯಾಂಕ್ ಖಾತೆಗೇ ಹೋಗಬೇಕು. ಕೆಲಸ ನಡೆಯುತ್ತಿರುವಾಗಲೇ ಕಂತಿನಲ್ಲಿ ಕೊಡುವ ಪ್ರತಿ ರನ್ನಿಂಗ್ ಬಿಲ್ಲಿನ ಜೊತೆ ಹಾಜರಿ ಪಟ್ಟಿ, ಪಾವತಿ ವಿವರ, ಪಿಎಫ್ ಅನ್ವಯಿಸುವಲ್ಲಿ ಅದರ ಚಲನ್ ಇರಬೇಕು. ಕೊರತೆ ಬಿದ್ದ ಪ್ರತಿ ಆಳು-ದಿನಕ್ಕೆ ಇಷ್ಟು ಎಂದು ಅದೇ ಬಿಲ್ಲಿನಲ್ಲಿ ಕಡಿತವಾಗಬೇಕು. ಕೊನೆಯ ಬಿಲ್ಲಿಗೆ ಬಿಟ್ಟರೆ ಅಷ್ಟರಲ್ಲಿ ಮಳೆಗಾಲವೇ ಕಳೆದಿರುತ್ತದೆ. ಕೆಲಸವನ್ನು ಬೇರೆಯವರಿಗೆ ಉಪಗುತ್ತಿಗೆಗೆ ಕೊಟ್ಟರೂ ಹೊಣೆ ಮೂಲ ಗುತ್ತಿಗೆದಾರರದೇ ಎಂಬ ಸಾಲು ಮರೆಯಬಾರದು.

ಇದನ್ನು ಟೆಂಡರ್ ಪ್ರಕಟವಾದ ಮೇಲೆ ಕೇಳಿದರೆ ತಡವಾಯಿತು. ಅಂದಾಜು ಪಟ್ಟಿ ತಯಾರಾಗುವಾಗಲೇ ಗ್ರಾಮಸಭೆಯ ನಿರ್ಣಯದೊಂದಿಗೆ ಕಾರ್ಯಪಾಲಕ ಎಂಜಿನಿಯರರಿಗೆ ಬರೆದು ಕೊಡಿ. ಕಾಮಗಾರಿ ಶುರುವಾದ ಮೇಲೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಮೊದಲ ಬಿಲ್ಲಿನ ಹಾಜರಿ ಪಟ್ಟಿ ಕೇಳಿ, ನಿಮ್ಮೂರಿನ ಹೆಸರುಗಳನ್ನು ನೀವೇ ತಾಳೆ ನೋಡಿ.

— ಸಂಪಾದಕ