ಗದ್ದೆ ಅಡ ಇಟ್ಟು ಸ್ಟೆಮ್ ಸೆಲ್ ಹಾಕಿಸಬೇಕಾ?

ಪ್ರಶ್ನೆ: ನಮ್ಮ ಮಗನಿಗೆ ಮೂರು ವರ್ಷ. ಹುಟ್ಟಿ ಮೂರು ದಿನವಾದರೂ ಮಲ ಹೋಗಿರಲಿಲ್ಲ, ಹೊಟ್ಟೆ ಊದಿತ್ತು. ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷೆ) ಮಾಡಿ ಹಿರ್ಷ್‌ಸ್ಪ್ರಂಗ್ ಕಾಯಿಲೆ ಎಂದರು. ಎಂಟು ತಿಂಗಳಿದ್ದಾಗ ಆಪರೇಷನ್ ಆಯಿತು. ಈಗಲೂ ಮಲ ಕಟ್ಟುತ್ತದೆ, ಚಡ್ಡಿಯಲ್ಲೇ ಸೋರುತ್ತದೆ. ಒಂದು ಕ್ಲಿನಿಕ್‌ನವರು ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್ ಅನ್ನು ಡ್ರಿಪ್‌ನಲ್ಲಿ ನಾಲ್ಕು ಸಲ ಹಾಕಿದರೆ ಕರುಳಿನ ನರ ಮತ್ತೆ ಬೆಳೆಯುತ್ತವೆ ಎನ್ನುತ್ತಾರೆ. ದುಡ್ಡಿಗೆ ಗದ್ದೆ ಅಡ ಇಡಬೇಕು. ಹಾಕಿಸಬಹುದಾ? ನಾನು ಈಗ ಮತ್ತೆ ಗರ್ಭಿಣಿ. ಈ ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಬ್ಯಾಂಕ್‌ನಲ್ಲಿ ಇಡಿಸಿದರೆ ಅಣ್ಣನಿಗೆ ಉಪಯೋಗವಾಗುತ್ತದಾ?
— ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಗದ್ದೆ ಅಡ ಇಡಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಮ್ಮ ಕರುಳಿನ ಗೋಡೆಯೊಳಗೆ ಅದರದ್ದೇ ಒಂದು ನರಜಾಲ ಇದೆ. ಮೆದುಳು ಹೇಳದಿದ್ದರೂ ಊಟವನ್ನು ಮುಂದೆ ತಳ್ಳುವಷ್ಟು ಬುದ್ಧಿ ಅದಕ್ಕಿದೆ. ಈ ನರಕೋಶಗಳು ಕರುಳಿನಲ್ಲಿ ಹುಟ್ಟುವುದಿಲ್ಲ. ಗರ್ಭದ ಎರಡನೇ ತಿಂಗಳ ಹೊತ್ತಿಗೆ ಅವುಗಳ ಮೂಲಕೋಶಗಳು ಕುತ್ತಿಗೆಯ ಹತ್ತಿರದಿಂದ ಹೊರಟು, ಅನ್ನನಾಳದಿಂದ ಗುದದವರೆಗೆ ಗೋಡೆಯುದ್ದಕ್ಕೂ ಇಳಿಯುತ್ತವೆ. ಭದ್ರಾ ಕಾಲುವೆಯಲ್ಲಿ ನೀರು ಬಿಟ್ಟರೂ ಕೊನೆ ಭಾಗದ ಜಮೀನಿಗೆ ತಲುಪದೆ ಒಣಗುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮಗನಿಗೆ ಆಗಿದ್ದೂ ಹಾಗೇ. ಕೋಶಗಳು ಕೊನೆ ಮುಟ್ಟಲಿಲ್ಲ. ಸುಮಾರು 5,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ನೀವು ಬಸುರಿಯಲ್ಲಿ ತಿಂದಿದ್ದು, ಬಿಟ್ಟಿದ್ದು ಯಾವುದೂ ಇದಕ್ಕೆ ಕಾರಣ ಅಲ್ಲ. ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಅಂದಿರುತ್ತಾರೆ ಅಂತ ಹೇಳುತ್ತಿದ್ದೇನೆ.

ನರ ಇಲ್ಲದ ತುಂಡು ಸಡಿಲವಾಗುವುದೇ ಇಲ್ಲ, ಬಿಗಿದುಕೊಂಡೇ ಇರುತ್ತದೆ. ಅದರ ಮೇಲಿನ ಭಾಗ ಮಲ ತುಂಬಿ ಉಬ್ಬುತ್ತದೆ. 1886ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ ಈ ಕಾಯಿಲೆಯನ್ನು ವಿವರಿಸಿದಾಗ ಎಲ್ಲರ ಕಣ್ಣು ಬಿದ್ದಿದ್ದು ಆ ಉಬ್ಬಿದ ಭಾಗದ ಮೇಲೆ. ಕಾಯಿಲೆ ಇರುವುದು ಕೆಳಗಿನ, ನೋಡಲು ಸರಿಯಾಗೇ ಕಾಣುವ ಸಣ್ಣ ತುಂಡಿನಲ್ಲಿ ಎಂದು ಮನದಟ್ಟಾಗಲು ಅರವತ್ತು ವರ್ಷ ಬೇಕಾಯಿತು. 1948ರಲ್ಲಿ ಅಮೆರಿಕದ ಓರ್ವರ್ ಸ್ವೆನ್ಸನ್ ಆ ತುಂಡನ್ನು ತೆಗೆದು, ನರ ಇರುವ ಕರುಳನ್ನು ಕೆಳಗೆಳೆದು ಗುದಕ್ಕೆ ಹೊಲಿದರು. ಈಗಿನ ಪುಲ್-ಥ್ರೂ ಆಪರೇಷನ್‌ಗಳೆಲ್ಲ ಅದೇ ದಾರಿಯವು. ನಿಮ್ಮ ಮಗನಿಗೆ ಮಾಡಿದ್ದೂ ಅದೇ ಇರಬೇಕು.

ಈಗ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಯೋಚನೆ ಸುಳ್ಳಲ್ಲ. ಕೊನೆ ಮುಟ್ಟದ ಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ, ತಲುಪಬೇಕಾದ ಜಾಗದಲ್ಲೇ ಬಿಟ್ಟರೆ ಹೇಗೆ? 2016ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ತಂಡ ಮನುಷ್ಯರ ಸ್ಟೆಮ್ ಸೆಲ್‌ನಿಂದ ಇಂಥ ಕೋಶಗಳನ್ನು ತಯಾರಿಸಿ, ಇದೇ ಕಾಯಿಲೆಯ ಇಲಿಗಳ ಕರುಳಿನ ಗೋಡೆಗೆ ಚುಚ್ಚಿತು. ಬೇಗ ಸಾಯಬೇಕಿದ್ದ ಇಲಿಗಳು ಬದುಕಿದವು. 2024ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಯುಸಿಎಲ್‌ನವರು ಇನ್ನೊಂದು ಹೆಜ್ಜೆ ಹೋದರು. ಆಪರೇಷನ್‌ನಲ್ಲಿ ತೆಗೆದ ಮಕ್ಕಳ ಕರುಳಿನ ತುಂಡಿಗೇ ಕೋಶಗಳನ್ನು ಹಾಕಿದರು. ಅವು ನರಕೋಶಗಳಾದವು, ತುಂಡು ಮೊದಲಿಗಿಂತ ಚೆನ್ನಾಗಿ ಹಿಂಡತೊಡಗಿತು. ಓದಿದಾಗ ನನಗೂ ಖುಷಿಯಾಯಿತು.

ಆದರೆ ಅದು ಲ್ಯಾಬ್‌ನಲ್ಲಿದ್ದ ತುಂಡು. ಮಗುವಿನ ಹೊಟ್ಟೆಯೊಳಗೆ ಕೋಶಗಳು ಸಾಕಷ್ಟು ದೂರ ಹರಡಬೇಕು, ಸ್ನಾಯುವಿನ ಜೊತೆ ಸರಿಯಾಗಿ ಕೂಡಬೇಕು, ವರ್ಷಗಟ್ಟಲೆ ಬಾಳಬೇಕು. ಪೂರ್ತಿ ಬಲಿಯದ ಒಂದಷ್ಟು ಕೋಶ ಉಳಿದು ಗಡ್ಡೆಯಾಗಬಾರದು. ಮಗುವಿನ ಸ್ವಂತ ಕೋಶದಿಂದ ಮಾಡಿದರೆ ಅದರಲ್ಲಿರುವ ಜೀನ್ ದೋಷವನ್ನೂ ತಿದ್ದಬೇಕಾಗಬಹುದು. ಇಷ್ಟೆಲ್ಲ ಬಾಕಿ ಇದೆ.

ನಿಮಗೆ ಮಾರಲು ಹೊರಟಿರುವುದಂತೂ ಈ ಕೋಶಗಳೇ ಅಲ್ಲ. ಹೊಕ್ಕುಳಬಳ್ಳಿಯ ಕೋಶಗಳು ಕರುಳಿನ ನರಗಳಾಗಿ ಜಾಲ ಕಟ್ಟುವುದಿಲ್ಲ. ಡ್ರಿಪ್‌ನಲ್ಲಿ ಹಾಕಿದರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಥರದ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಸಬೇಕಾದ್ದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಸಿಟಿಆರ್‌ಐನಲ್ಲಿ (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಆಗಿರಬೇಕು, ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆ ಕ್ಲಿನಿಕ್‌ನವರನ್ನು ನೋಂದಣಿ ನಂಬರ್ ಕೇಳಿ ನೋಡಿ.

ಹೊಕ್ಕುಳಬಳ್ಳಿ ರಕ್ತದ (ಕಾರ್ಡ್ ಬ್ಲಡ್) ಬ್ಯಾಂಕ್‌ನಿಂದಲೂ ಅಣ್ಣನಿಗೆ ಪ್ರಯೋಜನವಿಲ್ಲ. ಅದರಲ್ಲಿರುವುದು ರಕ್ತ ಹುಟ್ಟಿಸುವ ಕೋಶಗಳು. ಆ ದುಡ್ಡಿನಲ್ಲಿ ಒಮ್ಮೆ ಜೆನೆಟಿಕ್ ತಜ್ಞರನ್ನು ಕಂಡರೆ ಒಳ್ಳೆಯದು. ಒಡಹುಟ್ಟಿದವರಿಗೆ ಈ ಕಾಯಿಲೆ ಬರುವ ಸಂಭವ ಒಟ್ಟಾರೆ ನೂರಕ್ಕೆ ನಾಲ್ಕರಷ್ಟು. ಅಣ್ಣನಿಗೆ ಕರುಳಿನ ಉದ್ದ ಭಾಗ ಕೆಟ್ಟಿದ್ದರೆ ಅದಕ್ಕಿಂತ ಹೆಚ್ಚು. ಹೆರಿಗೆ ಡಾಕ್ಟರಿಗೆ ಈಗಲೇ ತಿಳಿಸಿಡಿ. ಹುಟ್ಟಿದ 48 ಗಂಟೆಯೊಳಗೆ ಮಲ ಹೋಯಿತಾ ಎಂದು ನೋಡಲಿ.

ಇನ್ನು ಸೋರಿಕೆ. ನಿಜವಾಗಿ ಕೆಲಸ ಆಗಬೇಕಾಗಿರುವುದು ಇಲ್ಲೇ. ಹೆಚ್ಚಾಗಿ ಇದು ಒಳಗೆ ಮಲ ಗಟ್ಟಿಯಾಗಿ, ಸುತ್ತಲಿಂದ ತೆಳುವಾದದ್ದು ಜಾರುವುದು. ಮನೆಯವರು ಭೇದಿ ಎಂದುಕೊಂಡು ಕಟ್ಟುವ ಔಷಧಿ ಕೊಡುತ್ತಾರೆ, ಇನ್ನಷ್ಟು ಕಟ್ಟುತ್ತದೆ. ಕೆಲವರಲ್ಲಿ ಹೊಲಿಗೆ ಜಾಗ ಕಿರಿದಾಗಿರುತ್ತದೆ. ಕೆಲವರಲ್ಲಿ ಗುದದ ಒಳಗಿನ ಬಿಗಿ ಸ್ನಾಯು ಸಡಿಲವಾಗುವುದಿಲ್ಲ, ಆಗ ಅದನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ನೆರವಾಗುತ್ತದೆ. ಅಪರೂಪಕ್ಕೆ ನರ ಇಲ್ಲದ ತುಂಡು ಸ್ವಲ್ಪ ಉಳಿದೇ ಇರುತ್ತದೆ, ಮತ್ತೆ ಬಯಾಪ್ಸಿ ಬೇಕು. ಆಪರೇಷನ್ ಮಾಡಿದವರ ಹತ್ತಿರ ಹೋಗಿ. ಅಲ್ಲಿ ಸಮಾಧಾನ ಆಗದಿದ್ದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರದ್ದೇ, ಮಕ್ಕಳ ಸರ್ಜರಿ ವಿಭಾಗ ಇದೆ. ಹಳೆಯ ಬಯಾಪ್ಸಿ ವರದಿ, ಆಪರೇಷನ್ ಚೀಟಿ ಎರಡೂ ಒಯ್ಯಿರಿ. ಸುಮ್ನೆ ಬಾಯಲ್ಲಿ ಹೇಳಿದರೆ ಅರ್ಧ ದಿನ ಹಾಳು.

ಒಂದು ಎಚ್ಚರ. ಜ್ವರ, ಹೊಟ್ಟೆ ಊತ, ಕೆಟ್ಟ ವಾಸನೆಯ ನೀರು ಭೇದಿ ಸಿಡಿದಂತೆ ಬಂದರೆ ಅದು ಎಂಟರೋಕೊಲೈಟಿಸ್ (ಕರುಳಿನ ಉರಿಯೂತ) ಇರಬಹುದು. ಆಪರೇಷನ್ ಆದ ಮೇಲೂ ಬರುತ್ತದೆ, ಜೀವ ತೆಗೆಯಬಲ್ಲದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಬೆಳಿಗ್ಗೆ ತಿಂದಿದ್ದು ಸಂಜೆ ವಾಂತಿ. ಗ್ಯಾಸ್ಟ್ರೋಪರೇಸಿಸ್, ಅಂದರೆ ಹೊಟ್ಟೆ ಖಾಲಿಯಾಗುವುದು ನಿಧಾನ, ಎಂದಿದ್ದಾರೆ. ಇದಕ್ಕಾದರೂ ಸ್ಟೆಮ್ ಸೆಲ್ ಇದೆಯಾ?
— 58 ವರ್ಷ, ಹುಬ್ಬಳ್ಳಿ

ಉತ್ತರ: ಇಲ್ಲ, ಇದಕ್ಕೂ ಇನ್ನೂ ಲ್ಯಾಬ್, ಇಲಿಗಳ ಹಂತವೇ. ನಿಮ್ಮ ಹೊಟ್ಟೆಯಲ್ಲಿ ನರಕೋಶ ಹುಟ್ಟಿನಿಂದ ಇದ್ದವು, ಸಕ್ಕರೆಯಿಂದ ಸೊರಗಿವೆ. ಹಾಗಾಗಿ ಮೊದಲು ಸಕ್ಕರೆ ಹತೋಟಿಗೆ ಬರಲಿ. ಸಕ್ಕರೆಗೋ ತೂಕಕ್ಕೋ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದು ಹೊಟ್ಟೆಯನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಸ್ವಲ್ಪ ದಿನ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ, ಕರಿದದ್ದು ಬಿಡಿ. ಹುಬ್ಬಳ್ಳಿಯವರಿಗೆ ಇದು ಶಿಕ್ಷೆಯೇ, ಗೊತ್ತು. ಮೆತ್ತಗಿನ ಅನ್ನ, ಗಂಜಿ, ಇಡ್ಲಿ, ನೀರು ಮಜ್ಜಿಗೆ, ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವೇ ತಗೊಳ್ಳಿ. ಇನ್ಸುಲಿನ್ ಇದ್ದರೆ ಅದರ ಹೊತ್ತು, ಅಳತೆಯನ್ನು ಡಾಕ್ಟರ ಜೊತೆ ಮಾತಾಡಿ ಇದಕ್ಕೆ ಹೊಂದಿಸಿಕೊಳ್ಳಿ. ಊಟ ಮಾಡಿದ ಕೂಡಲೇ ಮಲಗಬೇಡಿ.